ಸ್ಟೀಗ್ ಲಾರ್ಸನ್ ಎಂಬ ಅಭಿಮಾನಿ, ಸಂಪಾದಕ: ಪದೇ ಪದೇ ಕೇಳುವ ಪ್ರಶ್ನೆಗಳು

ಸ್ಟೀಗ್ ಲಾರ್ಸನ್ ಅಂದ ತಕ್ಷಣ ಬಹಳ ಜನಕ್ಕೆ ನೆನಪಾಗುವುದು ‘ಮಿಲೆನಿಯಂ’ ಸರಣಿಯ ಮೂರು ದಪ್ಪ ಕಾದಂಬರಿಗಳು, ಮೈಮೇಲೆ ಡ್ರ್ಯಾಗನ್ ಹಚ್ಚೆ ಹಾಕಿಸಿಕೊಂಡ ಲಿಸ್ಬೆತ್ ಸಲಾಂಡರ್. ಆ ಪುಸ್ತಕಗಳು ಅಚ್ಚಾಗಿ ಬರುವ ಹೊತ್ತಿಗೆ ಅವರು ಬದುಕಿರಲಿಲ್ಲ. ಬದುಕಿದ್ದಾಗ ಅವರ ಕೈಯಲ್ಲಿ ಯಾವಾಗಲೂ ಇದ್ದದ್ದು ಪತ್ರಿಕೆ. ಹದಿಹರೆಯದಲ್ಲಿ ವಿಜ್ಞಾನ ಕಥೆಗಳ ಅಭಿಮಾನಿ ಪತ್ರಿಕೆ, ಆಮೇಲೆ ಎಡಪಂಥದ ಪತ್ರಿಕೆ, ಕೊನೆಗೆ ನಾಜಿವಾದಿಗಳ ಬೆನ್ನುಬಿದ್ದ ‘ಎಕ್ಸ್‌ಪೋ’. ನನ್ನನ್ನು ಕೇಳಿದರೆ ಅವರು ಮೊದಲು ಸಂಪಾದಕ, ಆಮೇಲೆ ಕಾದಂಬರಿಕಾರ. ಹಾಗಾಗಿ ಇಲ್ಲಿ ಕಾದಂಬರಿಗಳ ಬಗ್ಗೆ ಕಡಿಮೆ, ಉಳಿದದ್ದರ ಬಗ್ಗೆ ಜಾಸ್ತಿ ಇದೆ.

ಲಾರ್ಸನ್ ಎಲ್ಲಿಯವರು?

ಸ್ವೀಡನ್ನಿನ ಉತ್ತರ ಭಾಗದವರು. 1954ರ ಆಗಸ್ಟ್ 15ರಂದು ವೆಸ್ಟರ್‌ಬಾಟನ್ ಸೀಮೆಯ ಶೆಲೆಫ್ಟಿಯೊ ಊರಿನ ಬಳಿ ಹುಟ್ಟಿದರು. ಅಪ್ಪ ಅಮ್ಮ ಇಬ್ಬರೂ ಆಗ ತೀರ ಚಿಕ್ಕ ವಯಸ್ಸಿನವರು, ಕೈಯಲ್ಲಿ ಕಾಸಿರಲಿಲ್ಲ. ಅವರು ಕೆಲಸ ಹುಡುಕಿಕೊಂಡು ಹೋದಾಗ ಮಗು ಅಜ್ಜ ಅಜ್ಜಿಯ ಹತ್ತಿರ ಉಳಿಯಿತು. ಕಾಡಿನ ನಡುವಿನ ಚಿಕ್ಕ ಹಳ್ಳಿ, ಮರದ ಮನೆ, ಉದ್ದನೆಯ ಚಳಿಗಾಲ. ತಾಯಿಯ ತಂದೆ ಕಟ್ಟಾ ಕಮ್ಯುನಿಸ್ಟ್. ಎರಡನೇ ಮಹಾಯುದ್ಧದ ಕಾಲದಲ್ಲಿ ನಾಜಿಗಳನ್ನು ವಿರೋಧಿಸಿದ್ದಕ್ಕೆ ಅವರನ್ನು ಕ್ಯಾಂಪಿನಲ್ಲಿ ಕೂಡಿ ಹಾಕಿದ್ದರು ಎಂಬ ಮಾತು ಮನೆಯಲ್ಲಿತ್ತು. ಅದನ್ನು ಕೇಳುತ್ತಲೇ ಹುಡುಗ ಬೆಳೆದ. 1962ರಲ್ಲಿ ಅಜ್ಜ ಹೃದಯಾಘಾತದಿಂದ ತೀರಿಕೊಂಡರು. ಆಮೇಲೆ ಅಪ್ಪ ಅಮ್ಮನ ಜೊತೆ ಉಮಿಯೊ ಪಟ್ಟಣಕ್ಕೆ ಬಂದರು.

ಹನ್ನೆರಡನೇ ಹುಟ್ಟುಹಬ್ಬಕ್ಕೆ ಅವರಿಗೆ ಟೈಪ್‌ರೈಟರ್ ಸಿಕ್ಕಿತು. ರಾತ್ರಿಯೆಲ್ಲ ಕಟಕಟ ಸದ್ದು. ಮನೆಯವರಿಗೆ ನಿದ್ದೆ ಇಲ್ಲದಂತಾಗಿ, ಹುಡುಗನನ್ನು ಟೈಪ್‌ರೈಟರ್ ಸಮೇತ ನೆಲಮಾಳಿಗೆಗೆ ಸಾಗಹಾಕಿದರಂತೆ.

ಅಷ್ಟು ದೂರದ ಊರಿನ ಹುಡುಗನಿಗೆ ವಿಜ್ಞಾನ ಕಥೆಗಳು ಎಲ್ಲಿಂದ ಸಿಕ್ಕವು?

ಸ್ವೀಡನ್ನಿನಲ್ಲಿ ಅದಕ್ಕೆ ಒಳ್ಳೆಯ ಹಿನ್ನೆಲೆ ಇತ್ತು. 1940ರಲ್ಲೇ ‘ಜೂಲ್ ವರ್ನ್ ಮ್ಯಾಗಸಿನೆಟ್’ ಎಂಬ ವಾರಪತ್ರಿಕೆ ಶುರುವಾಗಿ ಅಮೆರಿಕದ ಕಥೆಗಳನ್ನು ಸ್ವೀಡಿಷ್‌ಗೆ ತರುತ್ತಿತ್ತು. ಅದು 1947ರಲ್ಲಿ ನಿಂತಿತು. ಲಾರ್ಸನ್ ಹುಟ್ಟಿದ 1954ರಲ್ಲೇ ‘ಹೆಪ್ನಾ’ ಎಂಬ ಇನ್ನೊಂದು ಪತ್ರಿಕೆ ಬಂತು, 1966ರ ತನಕ ನಡೆಯಿತು. ಅದರ ಓದುಗರೇ ಊರೂರಲ್ಲಿ ಕ್ಲಬ್ ಕಟ್ಟಿದರು. 1956ರಲ್ಲಿ ಲುಂಡ್ ನಗರದಲ್ಲಿ ದೇಶದ ಮೊದಲ ಅಭಿಮಾನಿ ಸಮಾವೇಶ ನಡೆಯಿತು. ಅದೇ ವರ್ಷ ಹಾರಿ ಮಾರ್ಟಿನ್ಸನ್ ದಾರಿ ತಪ್ಪಿದ ಅಂತರಿಕ್ಷ ನೌಕೆಯ ಮೇಲೆ ಇಡೀ ಒಂದು ಕಾವ್ಯ ಬರೆದರು. ಅವರಿಗೆ 1974ರಲ್ಲಿ ನೊಬೆಲ್ ಬಂತು. ಅಂದರೆ ಅಲ್ಲಿ ವಿಜ್ಞಾನ ಕಥೆ ಬರೀ ರೈಲಿನಲ್ಲಿ ಓದಿ ಬಿಸಾಡುವ ಸರಕಾಗಿರಲಿಲ್ಲ.

1969ರಲ್ಲಿ ‘ಜೂಲ್ ವರ್ನ್ ಮ್ಯಾಗಸಿನೆಟ್’ಗೆ ಮರುಜೀವ ಬಂತು. ಆಗ ಲಾರ್ಸನ್‌ಗೆ ಹದಿನೈದು. ಓದುವುದಕ್ಕೆ ಅದಕ್ಕಿಂತ ಒಳ್ಳೆಯ ವಯಸ್ಸು ಯಾವುದಿದೆ?

ಫ್ಯಾನ್‌ಜೀನ್ ಅಂದ್ರೆ ಏನು? ಅದರಲ್ಲಿ ಅಂಥದ್ದೇನಿದೆ?

ಲಾರ್ಸನ್ ಕಲಿತದ್ದೆಲ್ಲ ಇಲ್ಲಿಂದಲೇ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

1926ರಲ್ಲಿ ಅಮೆರಿಕದಲ್ಲಿ ಹ್ಯೂಗೊ ಗರ್ನ್ಸ್‌ಬ್ಯಾಕ್ ‘ಅಮೇಜಿಂಗ್ ಸ್ಟೋರೀಸ್’ ಎಂಬ ಪತ್ರಿಕೆ ಶುರು ಮಾಡಿದರು. ಅದರಲ್ಲಿ ಓದುಗರ ಪತ್ರಗಳನ್ನು ವಿಳಾಸದ ಸಮೇತ ಹಾಕುತ್ತಿದ್ದರು. ಅದನ್ನು ನೋಡಿ ಓದುಗರು ಒಬ್ಬರಿಗೊಬ್ಬರು ನೇರವಾಗಿ ಕಾಗದ ಬರೆಯತೊಡಗಿದರು. ಕಾಗದ ಬರೆಯುವವರು ಕ್ಲಬ್ ಕಟ್ಟಿದರು, ಕ್ಲಬ್‌ನವರು ತಮ್ಮದೇ ಪುಟ್ಟ ಪತ್ರಿಕೆ ತೆಗೆದರು. ಅದೇ ಫ್ಯಾನ್‌ಜೀನ್, ಅಭಿಮಾನಿಗಳು ಅಭಿಮಾನಿಗಳಿಗಾಗಿ ತೆಗೆಯುವ ಪತ್ರಿಕೆ.

ಮಾಡುವ ವಿಧಾನ ನಮ್ಮ ಹಿರಿಯರಿಗೆ ಚೆನ್ನಾಗಿ ಗೊತ್ತು. ಶಾಲೆಯ ಪ್ರಶ್ನೆಪತ್ರಿಕೆ, ಸಂಘಗಳ ಕರಪತ್ರ ಸೈಕ್ಲೋಸ್ಟೈಲ್ ಮಾಡಿಸುತ್ತಿದ್ದರಲ್ಲ, ಹಾಗೇ. ಮೇಣದ ಸ್ಟೆನ್ಸಿಲ್ ಹಾಳೆಯ ಮೇಲೆ ಟೈಪ್ ಮಾಡಬೇಕು. ತಪ್ಪಾದರೆ ಅದಕ್ಕೆಂದೇ ಇರುವ ದ್ರವ ಹಚ್ಚಿ, ಒಣಗಲು ಬಿಟ್ಟು, ಮತ್ತೆ ಟೈಪ್ ಮಾಡಬೇಕು. ಚಿತ್ರ ಬೇಕೆಂದರೆ ಮೊನೆ ಕಡ್ಡಿಯಲ್ಲಿ ಅದೇ ಹಾಳೆಯ ಮೇಲೆ ಗೀರಬೇಕು. ಆಮೇಲೆ ಸಿಲಿಂಡರಿಗೆ ಸುತ್ತಿ, ಮಸಿ ಹಾಕಿ, ಒಂದೊಂದೇ ಪುಟ ತಿರುಗಿಸಿ ತೆಗೆಯಬೇಕು. ಪುಟಗಳನ್ನು ಜೋಡಿಸಿ ಪಿನ್ ಹೊಡೆದು, ವಿಳಾಸ ಬರೆದು, ಅಂಚೆಗೆ ಹಾಕಬೇಕು. ಸಂಪಾದಕ, ಟೈಪಿಸ್ಟ್, ಚಿತ್ರಕಾರ, ಮುದ್ರಕ, ಜವಾನ ಎಲ್ಲ ಒಬ್ಬರೇ.

ದುಡ್ಡಿನ ಲೆಕ್ಕವೂ ವಿಚಿತ್ರ. ಬಹಳ ಫ್ಯಾನ್‌ಜೀನ್‌ಗಳಿಗೆ ಚಂದಾ ಅಂತ ಇರುತ್ತಿರಲಿಲ್ಲ. ನೀವು ಒಂದು ಲೇಖನ ಕಳಿಸಿದರೆ, ಒಂದು ಉದ್ದನೆಯ ಕಾಗದ ಬರೆದರೆ, ಇಲ್ಲವೇ ನಿಮ್ಮದೇ ಪತ್ರಿಕೆಯ ಪ್ರತಿ ಕಳಿಸಿದರೆ ಮುಂದಿನ ಸಂಚಿಕೆ ನಿಮ್ಮ ಮನೆಗೆ ಬರುತ್ತಿತ್ತು. ಸುಮ್ಮನೆ ಕೂತು ಓದುವವರಿಗೆ ಅಲ್ಲಿ ಜಾಗ ಇರಲಿಲ್ಲ. ಹಾಗಾಗಿ ಎಲ್ಲರೂ ಬರೆದರು, ಎಲ್ಲರೂ ಜಗಳವಾಡಿದರು. ಒಂದು ಸಂಚಿಕೆಯ ವಾದಕ್ಕೆ ಮುಂದಿನ ಸಂಚಿಕೆಯಲ್ಲಿ ಉತ್ತರ. ಪತ್ರಿಕೋದ್ಯಮದ ಕಾಲೇಜು ಇದಕ್ಕಿಂತ ಜಾಸ್ತಿ ಏನು ಕಲಿಸುತ್ತಿತ್ತೋ!

ಲಾರ್ಸನ್ ಯಾವ ಯಾವ ಫ್ಯಾನ್‌ಜೀನ್ ತಂದರು?

ಮೊದಲನೆಯದು ‘ಸ್ಫೇರೆನ್’. 1972ರಲ್ಲಿ, ಒಬ್ಬ ಗೆಳೆಯನ ಜೊತೆ ಸೇರಿ ತಂದದ್ದು. ಅದೇ ವರ್ಷ ಸ್ಟಾಕ್‌ಹೋಮಿನಲ್ಲಿ ನಡೆದ ಸಮಾವೇಶಕ್ಕೂ ಹೋಗಿ ಬಂದರು. ಉಮಿಯೊದಿಂದ ಅದು ಆರುನೂರು ಕಿಲೋಮೀಟರಿಗೂ ಜಾಸ್ತಿ ದೂರ. ಕಾಗದದಲ್ಲಷ್ಟೇ ಗೊತ್ತಿದ್ದ ಜನರನ್ನು ಕಣ್ಣಾರೆ ಕಂಡದ್ದು ಆಗಲೇ. ಮುಂದೆ ಜೀವಮಾನವಿಡೀ ಗೆಳೆಯರಾಗಿ ಉಳಿದ ಜಾನ್-ಹೆನ್ರಿ ಹೋಲ್ಮ್‌ಬರ್ಗ್ ಸಿಕ್ಕಿದ್ದೂ ಈ ಬಳಗದಲ್ಲೇ. ಅವರು ಸ್ವತಃ ಸಂಪಾದಕ, ಅನುವಾದಕ. ಲಾರ್ಸನ್ ಅವರ ಈ ಕಾಲದ ಬಗ್ಗೆ ಹೊರಗಿನವರಿಗೆ ಗೊತ್ತಾಗಿರುವುದರಲ್ಲಿ ಬಹುಪಾಲು ಹೋಲ್ಮ್‌ಬರ್ಗ್ ಬರೆದದ್ದರಿಂದಲೇ.

ಆಮೇಲೆ ಬಂದದ್ದು ‘ಫಿಜಾಗ್!’. ಈ ಹೆಸರಿನ ಹಿಂದೆ ಒಂದು ಹಳೆಯ ಜಗಳ ಇದೆ. ಅಭಿಮಾನಿ ಬಳಗದಲ್ಲಿ ಎರಡು ಪಂಗಡ. ಇದೇ ನಮ್ಮ ಬದುಕಿನ ರೀತಿ ಅನ್ನುವವರು ಒಂದು ಕಡೆ. ಅಯ್ಯೋ, ಇದೊಂದು ಹಾಳು ಹವ್ಯಾಸ ಅಷ್ಟೇ, ಬಿಡ್ರಪ್ಪಾ ಅನ್ನುವವರು ಇನ್ನೊಂದು ಕಡೆ. ಇಬ್ಬರ ಘೋಷಣೆಗೂ ಇಂಗ್ಲಿಷಿನ ಮೊದಲಕ್ಷರಗಳ ಚುಟುಕು ರೂಪ ಇದೆ. ಎರಡನೇ ಗುಂಪಿನ ಚುಟುಕನ್ನೇ ಲಾರ್ಸನ್ ತಮ್ಮ ಪತ್ರಿಕೆಗೆ ಇಟ್ಟರು. ಹವ್ಯಾಸ ಅಷ್ಟೇ ಅಂದುಕೊಂಡೇ 1970ರ ದಶಕದಲ್ಲಿ ಎಲ್ಲ ಸೇರಿ ಮೂವತ್ತರಷ್ಟು ಸಂಚಿಕೆ ಹೊರತಂದರು. ಮಾತು ಬೇರೆ, ಕೃತಿ ಬೇರೆ, ಅಲ್ವಾ?

ಸ್ಟಾಕ್‌ಹೋಮಿಗೆ ಬಂದು ನೆಲೆಸಿದ ಮೇಲೆ ಅಲ್ಲಿನ ದೊಡ್ಡ ವಿಜ್ಞಾನ ಕಥೆ ಸಂಘ ಎಸ್‌ಎಫ್‌ಎಸ್‌ಎಫ್‌ನ ಸಮಿತಿಗೆ ಸೇರಿದರು, 1980ರಲ್ಲಿ ಅದರ ಅಧ್ಯಕ್ಷರೂ ಆದರು. ಸಂಘದ ಸಭೆ, ಲೆಕ್ಕಪತ್ರ, ಬಣ ರಾಜಕೀಯ ಎಲ್ಲ ಪಳಗಿತು. ಸಂಘ ನಡೆಸಿದವರಿಗೆ ಆ ತಲೆನೋವು ಗೊತ್ತಿರುತ್ತದೆ.

ಅವರು ವಿಜ್ಞಾನ ಕಥೆ ಬರೆದರಾ? ಚೆನ್ನಾಗಿದ್ದವಾ?

ಬರೆದರು. ಫ್ಯಾನ್‌ಜೀನ್‌ಗಳಲ್ಲಿ ಕೆಲವು ಬಂದವು. ಹದಿನೇಳರ ವಯಸ್ಸಿನಲ್ಲಿ ‘ಜೂಲ್ ವರ್ನ್ ಮ್ಯಾಗಸಿನೆಟ್’ಗೆ ಕಳಿಸಿದ ಕಥೆಗಳು ಪ್ರಕಟವಾಗಲಿಲ್ಲ. ಆ ಹಸ್ತಪ್ರತಿಗಳು ಪತ್ರಿಕೆಯ ಹಳೆಯ ಕಡತಗಳ ಜೊತೆ ಸ್ವೀಡನ್ನಿನ ರಾಷ್ಟ್ರೀಯ ಗ್ರಂಥಾಲಯ ಸೇರಿದ್ದವು. 2010ರಲ್ಲಿ ಅವು ಸಿಕ್ಕ ಸುದ್ದಿ ಜಗತ್ತಿಡೀ ಹಬ್ಬಿತು. ಅವರ ಆರಂಭದ ಕಥೆಯೊಂದನ್ನು ಹೋಲ್ಮ್‌ಬರ್ಗ್ ಆಮೇಲೆ ಇಂಗ್ಲಿಷ್ ಸಂಕಲನವೊಂದರಲ್ಲಿ ಸೇರಿಸಿದ್ದಾರೆ. ಹುಡುಗನೊಬ್ಬನ ಕಥೆ ಅಂತ ಓದಿದರೆ ಪರವಾಗಿಲ್ಲ. ‘ಮಿಲೆನಿಯಂ’ ನಿರೀಕ್ಷೆ ಇಟ್ಟುಕೊಂಡು ಹೋಗಬೇಡಿ.

ಏವಾ ಗೇಬ್ರಿಯೆಲ್ಸನ್ ಯಾರು?

1972ರಲ್ಲಿ ಉಮಿಯೊದಲ್ಲಿ ವಿಯೆಟ್ನಾಂ ಯುದ್ಧದ ವಿರುದ್ಧ ನಡೆದ ಸಭೆಯೊಂದರಲ್ಲಿ ಲಾರ್ಸನ್‌ಗೆ ಸಿಕ್ಕವರು. ಆವತ್ತಿನಿಂದ ಮೂವತ್ತೆರಡು ವರ್ಷ ಬಾಳಿನ ಜೊತೆಗಾತಿ. ವೃತ್ತಿಯಲ್ಲಿ ವಾಸ್ತುಶಿಲ್ಪಿ. ಫ್ಯಾನ್‌ಜೀನ್ ಕೆಲಸದಲ್ಲೂ ಜೊತೆಯಾದರು. ಸುಮ್ನೆ ಗಂಡಸಿನ ಹವ್ಯಾಸಕ್ಕೆ ಕೈಜೋಡಿಸಿದವರಲ್ಲ, ಸ್ವತಃ ಓದುಗರು. ಎರಡನೇ ಮಹಾಯುದ್ಧದಲ್ಲಿ ಜರ್ಮನಿ, ಜಪಾನ್ ಗೆದ್ದಿದ್ದರೆ ಅಮೆರಿಕ ಹೇಗಿರುತ್ತಿತ್ತು ಎಂದು ಕಲ್ಪಿಸುವ ಫಿಲಿಪ್ ಕೆ. ಡಿಕ್ ಅವರ ಕಾದಂಬರಿಯನ್ನು ಸ್ವೀಡಿಷ್‌ಗೆ ತಂದವರು ಇವರೇ. ಒಂದೇ ಮನೆಯಲ್ಲಿ ಒಬ್ಬರು ನಾಜಿಗಳು ಗೆದ್ದ ಲೋಕದ ಕಥೆ ಅನುವಾದಿಸುತ್ತಾರೆ, ಇನ್ನೊಬ್ಬರು ಈ ಲೋಕದ ನಾಜಿಗಳ ಕಡತ ಕೂಡಿಡುತ್ತಾರೆ. ಅವರ ವಿಜ್ಞಾನ ಕಥೆ ಬೇರೆ, ರಾಜಕೀಯ ಬೇರೆ ಎಂದು ಬಿಡಿಸಿ ನೋಡುವವರಿಗೆ ಈ ಮನೆ ಅರ್ಥವಾಗುವುದಿಲ್ಲ.

ಆಫ್ರಿಕಾಕ್ಕೆ ಹೋಗಿ ಬಂದೂಕು ತರಬೇತಿ ಕೊಟ್ಟದ್ದು ನಿಜವೇ?

1977ರಲ್ಲಿ ಎರಿಟ್ರಿಯಾಕ್ಕೆ ಹೋಗಿದ್ದರು. ಇಥಿಯೋಪಿಯಾದಿಂದ ಬಿಡುಗಡೆಗಾಗಿ ಹೋರಾಡುತ್ತಿದ್ದ ಗೆರಿಲ್ಲಾ ಪಡೆಯ ಮಹಿಳೆಯರಿಗೆ ಗ್ರೆನೇಡ್ ಹಾರಿಸುವುದನ್ನು ಕಲಿಸಿದರು ಎಂದು ಅವರ ಹತ್ತಿರದವರು ಹೇಳಿದ್ದಾರೆ. ಸ್ವೀಡನ್ನಿನಲ್ಲಿ ಕಡ್ಡಾಯ ಸೇನಾ ಸೇವೆ ಮುಗಿಸಿದ್ದರಿಂದ ಕೆಲಸ ಗೊತ್ತಿತ್ತು. ಮೂತ್ರಪಿಂಡದ ಕಾಯಿಲೆ ಬಂದು ವಾಪಸಾಗಬೇಕಾಯಿತು.

ಆಗ ಅವರು ಟ್ರಾಟ್ಸ್ಕಿವಾದಿ, ಅಂದರೆ ರಷ್ಯಾದ ಕ್ರಾಂತಿಕಾರಿ ಟ್ರಾಟ್ಸ್ಕಿಯ ದಾರಿ ಹಿಡಿದ ಕಮ್ಯುನಿಸ್ಟ್ ಗುಂಪೊಂದರಲ್ಲಿದ್ದರು. ಅದರ ‘ಫ್ಯಾರ್ಡೆ ಇಂಟರ್‌ನ್ಯಾಷನಲೆನ್’ ಪತ್ರಿಕೆಗೂ ಇವರೇ ಸಂಪಾದಕರು. ಎಲ್ಲಿ ಹೋದರೂ ಪತ್ರಿಕೆ ಗಂಟುಬೀಳುತ್ತಿತ್ತು, ನೋಡಿ. ಪ್ರಯಾಣಕ್ಕೆ ಹೊರಡುವ ಮೊದಲು ಆಸ್ತಿಯನ್ನು ಆ ಸಂಘಟನೆಗೆ ಬಿಟ್ಟು ಉಯಿಲು ಬರೆದಿದ್ದರು. ಸಾಕ್ಷಿಗಳ ಸಹಿ ಹಾಕಿಸಲಿಲ್ಲ. ಈ ಮಾತು ನೆನಪಿನಲ್ಲಿರಲಿ, ಮುಂದೆ ಬೇಕಾಗುತ್ತದೆ.

ಹೊಟ್ಟೆಪಾಡಿಗೆ ಏನು ಮಾಡುತ್ತಿದ್ದರು?

ಸ್ವೀಡನ್ನಿನ ಸುದ್ದಿಸಂಸ್ಥೆ ಟಿಟಿಯಲ್ಲಿ ಇಪ್ಪತ್ತು ವರ್ಷದಷ್ಟು ಕೆಲಸ ಮಾಡಿದರು, 1999ರ ತನಕ. ಮುಖ್ಯವಾಗಿ ಸುದ್ದಿಗೆ ಬೇಕಾದ ನಕ್ಷೆ, ರೇಖಾಚಿತ್ರ ಬಿಡಿಸುವ ಕೆಲಸ. 1986ರ ಫೆಬ್ರವರಿ 28ರ ರಾತ್ರಿ ಪ್ರಧಾನಿ ಉಲೊಫ್ ಪಾಲ್ಮೆ ಅವರನ್ನು ಸ್ಟಾಕ್‌ಹೋಮಿನ ಬೀದಿಯಲ್ಲಿ ಗುಂಡಿಕ್ಕಿ ಕೊಂದರು. ಆ ಕೊಲೆಯ ಬೆನ್ನು ಹಿಡಿದು ಲಾರ್ಸನ್ ವರ್ಷಗಟ್ಟಲೆ ಕಡತ ಕೂಡಿಟ್ಟರು. ಟಿಟಿಗಾಗಿ ಪತ್ತೇದಾರಿ ಕಾದಂಬರಿಗಳ ವಿಮರ್ಶೆಯನ್ನೂ ಬರೆಯುತ್ತಿದ್ದರು. ಸಾರಾ ಪರೆಟ್ಸ್ಕಿ, ವಾಲ್ ಮೆಕ್‌ಡರ್ಮಿಡ್ ಥರದ ಲೇಖಕಿಯರ ಮೇಲೆ ಪ್ರೀತಿ. ‘ಮಿಲೆನಿಯಂ’ನ ನಾಯಕ ಓದುವುದೂ ಇಂಥವರನ್ನೇ.

‘ಎಕ್ಸ್‌ಪೋ’ ಹೇಗೆ ಹುಟ್ಟಿತು?

ಹೊರಗಿನಿಂದ ನೋಡಿದರೆ ಸ್ವೀಡನ್ ಶಾಂತ ದೇಶ. 1990ರ ದಶಕದ ಸ್ವೀಡನ್ ಹಾಗಿರಲಿಲ್ಲ. 1991-92ರಲ್ಲಿ ಸ್ಟಾಕ್‌ಹೋಮ್ ಮತ್ತು ಉಪ್ಸಾಲಾದಲ್ಲಿ ಒಬ್ಬ ಬಂದೂಕುಧಾರಿ ವಲಸಿಗರನ್ನೇ ಹುಡುಕಿ 11 ಜನರಿಗೆ ಗುಂಡು ಹೊಡೆದ, ಒಬ್ಬರು ಸತ್ತರು. ಬಿಳಿಯರೇ ಶ್ರೇಷ್ಠ ಎನ್ನುವ ಗುಂಪುಗಳು ಸಂಗೀತ, ಪತ್ರಿಕೆ, ಮೆರವಣಿಗೆ ಎಲ್ಲ ಬಳಸಿ ಹುಡುಗರನ್ನು ಸೆಳೆಯುತ್ತಿದ್ದವು.

ಲಾರ್ಸನ್ 1980ರ ದಶಕದಿಂದಲೇ ಬ್ರಿಟನ್ನಿನ ನಾಜಿವಿರೋಧಿ ಪತ್ರಿಕೆ ‘ಸರ್ಚ್‌ಲೈಟ್’ಗೆ ವರದಿ ಕಳಿಸುತ್ತಿದ್ದರು. 1991ರಲ್ಲಿ ಪತ್ರಕರ್ತೆ ಅನ್ನಾ-ಲೆನಾ ಲೊಡೇನಿಯಸ್ ಜೊತೆ ಸೇರಿ ಬಲಪಂಥದ ಉಗ್ರರ ಮೇಲೆ ಪುಸ್ತಕ ತಂದರು. ಅದಾದ ಮೇಲೆ ಉಗ್ರರ ಪತ್ರಿಕೆಯೊಂದು ಇವರ ವಿವರ ಅಚ್ಚುಹಾಕಿ ಬೆದರಿಕೆ ಒಡ್ಡಿತು. 1995ರಲ್ಲಿ ‘ಸರ್ಚ್‌ಲೈಟ್’ ಮಾದರಿಯಲ್ಲೇ ‘ಎಕ್ಸ್‌ಪೋ’ ಶುರುವಾಯಿತು. ಲಾರ್ಸನ್ ಅದರ ಸ್ಥಾಪಕರಲ್ಲಿ ಒಬ್ಬರು, ಮುಂದೆ ಅದರ ಪ್ರಧಾನ ಸಂಪಾದಕರು.

ಕೆಲಸದ ರೀತಿ ಗಮನಿಸಿ. ಉಗ್ರ ಗುಂಪುಗಳು ಹೊರಡಿಸುವ ಚಿಲ್ಲರೆ ಪತ್ರಿಕೆ, ಕರಪತ್ರ, ಹಾಡಿನ ಕ್ಯಾಸೆಟ್, ಯಾವುದನ್ನೂ ಬಿಡದೆ ಓದಬೇಕು. ಯಾರು ಎಲ್ಲಿ ಬರೆದರು, ಯಾವ ಹೆಸರು ಯಾವ ಗುಂಪಿನಿಂದ ಯಾವ ಗುಂಪಿಗೆ ಹೋಯಿತು, ದುಡ್ಡು ಯಾರದು ಎಂದು ಗುರುತು ಹಾಕಬೇಕು. ಚಿಕ್ಕ ಪತ್ರಿಕೆಗಳ ಲೋಕ ಒಳಗಿನಿಂದ ಗೊತ್ತಿದ್ದವರಿಗೆ ಇದು ಬೇಗ ಕೈಗೆ ಹತ್ತುತ್ತದೆ. ಇನ್ನೂರು ಜನ ಓದುವ ಹಾಳೆಯನ್ನು ದೊಡ್ಡ ಪತ್ರಿಕೆಯವರು ಕಸ ಅಂತ ಎಸೆಯುತ್ತಾರೆ. ಫ್ಯಾನ್‌ಜೀನ್ ತೆಗೆದವರು ಎಸೆಯುವುದಿಲ್ಲ, ಆ ಇನ್ನೂರು ಜನ ಸೇರಿ ಏನೇನು ಮಾಡಬಲ್ಲರು ಎಂದು ಅವರಿಗೆ ಗೊತ್ತು.

1996ರಲ್ಲಿ ‘ಎಕ್ಸ್‌ಪೋ’ ಅಚ್ಚು ಮಾಡುವ ಮುದ್ರಣಾಲಯ, ಮಾರುವ ಅಂಗಡಿಗಳ ಮೇಲೆ ದಾಳಿ, ಬೆದರಿಕೆ ನಡೆದವು. ಆಗ ‘ಆಫ್ಟನ್‌ಬ್ಲಾಡೆಟ್’ ಮತ್ತು ‘ಎಕ್ಸ್‌ಪ್ರೆಸೆನ್’ ಎಂಬ ಎರಡು ಎದುರಾಳಿ ಸಂಜೆ ಪತ್ರಿಕೆಗಳು ಒಂದಾಗಿ ಆ ಸಂಚಿಕೆಯನ್ನು ತಮ್ಮ ಪುರವಣಿಯಾಗಿ ಹಂಚಿದವು. ಒಂದು ಪುಟ್ಟ ಪತ್ರಿಕೆ ಲಕ್ಷಗಟ್ಟಲೆ ಮನೆಗೆ ಹೋಯಿತು. ಬಾಯಿ ಮುಚ್ಚಿಸಲು ಹೋದವರಿಗೆ ಸರಿಯಾದ ಉತ್ತರ.

ಹಾಗಂತ ಕಷ್ಟ ತೀರಲಿಲ್ಲ. ದುಡ್ಡಿಲ್ಲದೆ ಪತ್ರಿಕೆ ನಿಲ್ಲುವ ಸ್ಥಿತಿಗೆ ಬಂತು. ಕೆಲವು ವರ್ಷ ಕುರ್ದೊ ಬಕ್ಸಿ ಅವರ ‘ಸ್ವಾರ್ಟ್‌ವಿಟ್’ ಪತ್ರಿಕೆಯ ಜೊತೆ ಸೇರಿ ನಡೆಯಿತು. 1999ರಲ್ಲಿ ನಾಜಿಗಳ ಬಗ್ಗೆ ಬರೆಯುತ್ತಿದ್ದ ಪತ್ರಕರ್ತರೊಬ್ಬರ ಕಾರಿಗೆ ಬಾಂಬ್ ಇಟ್ಟರು. ಅದೇ ವರ್ಷದ ಅಕ್ಟೋಬರಿನಲ್ಲಿ, ಕೆಲಸದ ಜಾಗದಲ್ಲಿ ಒಬ್ಬ ನಾಜಿವಾದಿಯನ್ನು ಬಯಲಿಗೆಳೆದಿದ್ದ ಕಾರ್ಮಿಕ ಸಂಘದ ಬ್ಯೋರ್ನ್ ಸೊಡರ್‌ಬರ್ಗ್ ಅವರನ್ನು ಅವರ ಮನೆಯಲ್ಲೇ ಗುಂಡಿಟ್ಟು ಕೊಂದರು. ಇಂಥ ಕಾಲದಲ್ಲಿ ಲಾರ್ಸನ್ ಪತ್ರಿಕೆ ನಡೆಸಿದ್ದು.

2001ರಲ್ಲಿ ಮಿಕಾಯೆಲ್ ಎಕ್‌ಮನ್ ಜೊತೆ ಸ್ವೀಡನ್ ಡೆಮಾಕ್ರಾಟ್ಸ್ ಪಕ್ಷದ ಮೇಲೆ ಪುಸ್ತಕ ಬರೆದರು. ಆಗ ಆ ಪಕ್ಷಕ್ಕೆ ಸಂಸತ್ತಿನಲ್ಲಿ ಒಂದು ಸೀಟೂ ಇರಲಿಲ್ಲ. 2010ರಲ್ಲಿ ಸಂಸತ್ತಿಗೆ ಬಂತು, 2022ರ ಚುನಾವಣೆಯಲ್ಲಿ ಎರಡನೇ ದೊಡ್ಡ ಪಕ್ಷವಾಯಿತು.

ಕಾದಂಬರಿಗಳಲ್ಲಿ ಅಭಿಮಾನಿ ಬಳಗದ ಗುರುತು ಏನಾದರೂ ಕಾಣುತ್ತದಾ?

ಕಾಣುತ್ತದೆ. ನಾಯಕ ಬ್ಲೂಮ್‌ಕ್ವಿಸ್ಟ್ ನಡೆಸುವುದು ಸದಾ ಸಾಲದಲ್ಲಿರುವ ಒಂದು ಚಿಕ್ಕ ಪತ್ರಿಕೆ. ಮುಂದಿನ ಸಂಚಿಕೆ ಹೇಗೆ ತರೋದು, ಜಾಹೀರಾತು ಕೈಕೊಟ್ಟರೆ ಏನು ಗತಿ ಎನ್ನುವ ಪುಟಗಳಲ್ಲಿ ಲೇಖಕನ ಸ್ವಂತ ಅನುಭವ ಎದ್ದು ಕಾಣುತ್ತದೆ. ಪತ್ತೇದಾರಿ ಕಥೆಗೆ ಇಷ್ಟೊಂದು ಸಂಪಾದಕೀಯ ಸಭೆಗಳು ಯಾಕೆ ಎಂದು ಕೆಲವರು ಗೊಣಗುತ್ತಾರೆ. ನನಗಂತೂ ಆ ಸಭೆಗಳೇ ಇಷ್ಟ.

ಇನ್ನೊಂದು ಚಾಳಿ ಇದೆ. ಗೆಳೆಯರ ನಿಜವಾದ ಹೆಸರನ್ನೇ ಕಥೆಯೊಳಗೆ ತುರುಕುವುದು. ಅಮೆರಿಕದ ಅಭಿಮಾನಿ, ಲೇಖಕ ವಿಲ್ಸನ್ ಟಕರ್ ಇದಕ್ಕೆ ಹೆಸರಾದವರು, ವಿಜ್ಞಾನ ಕಥೆ ಬಳಗದಲ್ಲಿ ಇದು ಹಳೆಯ ತಮಾಷೆ. ಲಾರ್ಸನ್ ಕಾದಂಬರಿಗಳಲ್ಲಿ ಬಾಕ್ಸರ್ ಪಾವೊಲೊ ರೊಬೆರ್ಟೊ ಬರುತ್ತಾರೆ, ಕುರ್ದೊ ಬಕ್ಸಿ ಬರುತ್ತಾರೆ, ಇಬ್ಬರೂ ತಮ್ಮ ಹೆಸರಿನಲ್ಲೇ.

ಸಲಾಂಡರ್ ಬಗ್ಗೆ ಲಾರ್ಸನ್ ಹೇಳಿದ್ದು ಬೇರೆ: ಆಸ್ಟ್ರಿಡ್ ಲಿಂಡ್‌ಗ್ರೆನ್ ಸೃಷ್ಟಿಸಿದ ತುಂಟ ಹುಡುಗಿ ಪಿಪ್ಪಿ ದೊಡ್ಡವಳಾದರೆ ಹೇಗಿರುತ್ತಾಳೆ ಎಂಬ ಯೋಚನೆಯಿಂದ ಅವಳು ಬಂದಳು.

ಕಾದಂಬರಿಗಳನ್ನು ಅವರೇ ಬರೆದರಾ ಎಂಬ ಅನುಮಾನ ಯಾಕೆ?

ಟಿಟಿಯ ಒಬ್ಬ ಹಳೆಯ ಸಹೋದ್ಯೋಗಿ, ಲಾರ್ಸನ್‌ಗೆ ಬರೆಯಲು ಬರುತ್ತಿರಲಿಲ್ಲ ಎಂದು ಹೇಳಿದ್ದರಿಂದ ಈ ಗುಲ್ಲು ಎದ್ದಿತು. ನನಗೆ ಇದರಲ್ಲಿ ಹುರುಳು ಕಾಣುವುದಿಲ್ಲ. ಹದಿಹರೆಯದಿಂದ ಪುಟಗಟ್ಟಲೆ ಟೈಪ್ ಮಾಡಿದ ಮನುಷ್ಯ ಸುದ್ದಿಸಂಸ್ಥೆಯ ಒಣ ಶೈಲಿಗೆ ಒಗ್ಗದೇ ಇರಬಹುದು, ಅದಕ್ಕೂ ಕಾದಂಬರಿಗೂ ಏನು ಸಂಬಂಧ? ಹಸ್ತಪ್ರತಿಯನ್ನು ಒಂದು ಪ್ರಕಾಶನ ತೆಗೆದುಕೊಳ್ಳಲಿಲ್ಲ. ಆಮೇಲೆ ನೋರ್‌ಸ್ಟೆಡ್ಸ್ ಪ್ರಕಾಶನ 2004ರಲ್ಲಿ ಮೂರಕ್ಕೂ ಒಟ್ಟಿಗೆ ಒಪ್ಪಂದ ಮಾಡಿಕೊಂಡಿತು. ಹೊಸ ಲೇಖಕ ಮೂರು ಕಾದಂಬರಿ ಒಟ್ಟಿಗೆ ಹಿಡಿದುಕೊಂಡು ಬರುವುದು ಅಪರೂಪ. ಅವು 2005, 2006, 2007ರಲ್ಲಿ ಬಂದವು. 2008ರಲ್ಲಿ ಜಗತ್ತಿನಲ್ಲಿ ಅತಿ ಹೆಚ್ಚು ಮಾರಾಟವಾದ ಲೇಖಕರ ಪಟ್ಟಿಯಲ್ಲಿ ಲಾರ್ಸನ್ ಎರಡನೆಯವರು.

ಅವರನ್ನು ಕೊಂದರಾ?

ಇಲ್ಲ. ಬೆದರಿಕೆಗಳಿದ್ದುದರಿಂದ ಜನ ಹಾಗೆ ಮಾತಾಡಿಕೊಂಡರು. 2004ರ ನವೆಂಬರ್ 9ರಂದು ‘ಎಕ್ಸ್‌ಪೋ’ ಕಚೇರಿಯ ಲಿಫ್ಟ್ ಕೆಟ್ಟಿತ್ತು. ಏಳು ಮಹಡಿ ಮೆಟ್ಟಿಲು ಹತ್ತಿ ಹೋದರು, ಹೃದಯಾಘಾತವಾಯಿತು. ವಯಸ್ಸು 50. ವರ್ಷಗಳಿಂದ ಸಿಗರೇಟು, ಕಾಫಿ, ನಿದ್ದೆಗೆಟ್ಟ ರಾತ್ರಿಗಳು. 1938ರಲ್ಲಿ ಜರ್ಮನಿಯ ಯಹೂದಿಗಳ ಅಂಗಡಿ, ಪ್ರಾರ್ಥನಾ ಮಂದಿರಗಳನ್ನು ನಾಜಿಗಳು ಪುಡಿಗಟ್ಟಿದ ರಾತ್ರಿಯ ನೆನಪಿನ ದಿನವೂ ನವೆಂಬರ್ 9 ಆಗಿರುವುದು ಬರೀ ಕಾಕತಾಳೀಯ.

ಆಸ್ತಿ ಏವಾ ಅವರಿಗೆ ಯಾಕೆ ಸಿಗಲಿಲ್ಲ?

ಮದುವೆ ಆಗಿರಲಿಲ್ಲ, ಅದಕ್ಕೆ. ಸ್ವೀಡನ್ನಿನಲ್ಲಿ ಮದುವೆಯಾಗದೆ ಜೊತೆಗಿರುವವರು ಲಕ್ಷಗಟ್ಟಲೆ ಇದ್ದಾರೆ, ಆದರೆ ಉಯಿಲು ಇಲ್ಲದಿದ್ದರೆ ಒಬ್ಬರ ಆಸ್ತಿ ಇನ್ನೊಬ್ಬರಿಗೆ ಹೋಗುವುದಿಲ್ಲ. ಮದುವೆಯಾದರೆ ವಿಳಾಸ ಸರ್ಕಾರಿ ದಾಖಲೆಯಲ್ಲಿ ಎಲ್ಲರಿಗೂ ಸಿಗುವಂತಾಗುತ್ತದೆ, ನಾಜಿಗಳು ಮನೆ ಬಾಗಿಲಿಗೆ ಬರುತ್ತಾರೆ ಎಂಬ ಭಯ ಇತ್ತು ಎಂದು ಗೇಬ್ರಿಯೆಲ್ಸನ್ ವಿವರಿಸಿದ್ದಾರೆ. 1977ರ ಉಯಿಲಿಗೆ ಸಾಕ್ಷಿಗಳಿರಲಿಲ್ಲ, ಅದು ನಡೆಯಲಿಲ್ಲ. ಹಾಗಾಗಿ ಪುಸ್ತಕಗಳ ಹಕ್ಕು, ದುಡ್ಡು ಎಲ್ಲ ತಂದೆಗೂ ತಮ್ಮನಿಗೂ ಹೋಯಿತು. ಬೇರೆಯವರ ಬರಹದಲ್ಲಿ ಒಂದು ಕಾಮಾ ಬಿಡದೆ ತಿದ್ದುತ್ತಿದ್ದ ಮನುಷ್ಯ ತನ್ನ ಉಯಿಲಿಗೆ ಎರಡು ಸಹಿ ಹಾಕಿಸಲಿಲ್ಲವಲ್ಲ ಅಂತ ಬೇಸರವಾಗುತ್ತದೆ.

ನಾಲ್ಕನೇ ಕಾದಂಬರಿಯಿಂದ ಮುಂದೆ ಬಂದವು ಯಾರದು?

ಲಾರ್ಸನ್ ಅವರದಲ್ಲ. ಅವರು ಹತ್ತು ಕಾದಂಬರಿಗಳ ಯೋಜನೆ ಹಾಕಿಕೊಂಡಿದ್ದರು, ನಾಲ್ಕನೆಯದನ್ನು ಅರ್ಧಕ್ಕೆ ಬಿಟ್ಟು ಹೋದರು. 2015ರಿಂದ ಡೇವಿಡ್ ಲಾಗರ್‌ಕ್ರಾಂಟ್ಸ್ ಮೂರು ಬರೆದರು, ಆ ಅರ್ಧ ಹಸ್ತಪ್ರತಿ ಬಳಸದೆ. ಏವಾ ಅದನ್ನು ಬಹಿರಂಗವಾಗಿ ವಿರೋಧಿಸಿದರು. 2022ರಿಂದ ಕಾರಿನ್ ಸ್ಮಿರ್ನಾಫ್ ಬರೆಯುತ್ತಿದ್ದಾರೆ. ಅವರು ಕಥೆಯನ್ನು ಲಾರ್ಸನ್ ಹುಟ್ಟಿದ ಉತ್ತರದ ಕಡೆಗೇ ಒಯ್ದರು.

‘ಎಕ್ಸ್‌ಪೋ’ ಈಗಲೂ ಇದೆಯಾ?

ಇದೆ. ಲಾಭಕ್ಕಲ್ಲದ ಪ್ರತಿಷ್ಠಾನವೊಂದು ನಡೆಸುತ್ತಿದೆ. ಪತ್ರಿಕೆಯ ಜೊತೆಗೆ ಸಂಶೋಧನೆ, ಉಪನ್ಯಾಸಗಳೂ ಇವೆ. ಸ್ವೀಡಿಷ್ ಓದಲು ಬಾರದವರು ಅವರ ಕೆಲವು ವರದಿಗಳನ್ನು ಇಂಗ್ಲಿಷಿನಲ್ಲಿ ಓದಬಹುದು.